ಉಂಗುರ ತೊಟ್ಟರೂ ಮಾಯವಾಗದವನು: ಟಾಮ್ ಬಾಂಬಡಿಲ್ ಬಗೆಗಿನ ಊಹೆಗಳನ್ನು ತೂಗುವುದು ಹೇಗೆ?

ಪ್ರಶ್ನೆ: ಬದಿಯಡ್ಕ ಕಡೆಯ ನಮ್ಮ ಊರಿನ ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಸೇರಿ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದುತ್ತಿದ್ದೇವೆ. ಒಬ್ಬರು ಇಂಗ್ಲಿಷಿನಲ್ಲಿ ಓದುವುದು, ಇನ್ನೊಬ್ಬರು ಕನ್ನಡದಲ್ಲಿ ಹೇಳುವುದು. ಟಾಮ್ ಬಾಂಬಡಿಲ್ ಬಂದಲ್ಲಿಗೆ ಓದು ನಿಂತೇಹೋಯಿತು. ಪ್ಲಸ್ ಟು ಹುಡುಗರು ಯೂಟ್ಯೂಬ್ ನೋಡಿ ಬಂದಿದ್ದಾರೆ. ಅವನು ದೇವರೇ ಅಂತ ಒಬ್ಬ, ವೇಷ ಮರೆಸಿಕೊಂಡ ಮಾಟಗಾರ ದೊರೆ ಅಂತ ಇನ್ನೊಬ್ಬ. ಬಳಗದ ಹಿರಿಯರೊಬ್ಬರು “ಇದು ನಮ್ಮ ಜಾಗದ ದೈವದ ಹಾಗೆಯೇ ಉಂಟಲ್ಲ” ಅಂದರು. ಯಾವುದು ಸರಿ? ತೀರ್ಮಾನಿಸಲು ಏನಾದರೂ ಕ್ರಮ ಉಂಟಾ?

ಉತ್ತರ: ಟಾಮ್ ಯಾರೆಂದು ಪುಸ್ತಕ ಹೇಳುವುದಿಲ್ಲ, ಮತ್ತು ಅದು ಮರೆವಿನಿಂದ ಬಿಟ್ಟದ್ದಲ್ಲ. 1954ರ ಏಪ್ರಿಲ್‌ನಲ್ಲಿ, ಮೊದಲ ಸಂಪುಟ ಹೊರಬರುವುದಕ್ಕೆ ಮೂರು ತಿಂಗಳು ಮುಂಚೆ, ಲೇಖಕಿ ನವೋಮಿ ಮಿಚಿಸನ್ ಅವರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಪುರಾಣದ ಕಾಲದ ಕಥೆಯಲ್ಲಿಯೂ ಕೆಲವು ಒಗಟು ಉಳಿಯಬೇಕು, ಟಾಮ್ ಅಂಥದೊಂದು, ಬೇಕೆಂದೇ ಇಟ್ಟದ್ದು. ಹಾಗೆಂದು ಎಲ್ಲ ಊಹೆಗೂ ಒಂದೇ ಬೆಲೆ ಅಲ್ಲ. ಕೆಲವು ಊಹೆ ಪುಸ್ತಕದ ಒಂದೇ ಪುಟಕ್ಕೆ ತಾಗಿಸಿದರೆ ಒಡೆದುಹೋಗುತ್ತವೆ. ಒಂದೆರಡು ಮಾತ್ರ ತಾಳಿಕೊಳ್ಳುತ್ತವೆ, ಅವುಗಳ ಜೊತೆ ಕುಳಿತರೆ ಪುಸ್ತಕವೇ ಹೆಚ್ಚು ಅರ್ಥವಾಗುತ್ತದೆ.

ತಾಗಿಸಬೇಕಾದ ಪುಟ ಯಾವುದೆಂದು ಮೊದಲು ನೋಡೋಣ. ಕಥೆ ಗೊತ್ತಿಲ್ಲದವರಿಗೆ ಒಂದು ಮಾತು: ಶತ್ರುವಾದ ಸೌರಾನ್ ಮಾಡಿದ ಮಹಾ ಉಂಗುರ ತೊಟ್ಟವರನ್ನು ಮಾಯಮಾಡುತ್ತದೆ, ಆಸೆ ಹುಟ್ಟಿಸಿ ಹಿಡಿದುಕೊಳ್ಳುತ್ತದೆ. ಅದನ್ನು ಹೊತ್ತು ಹೊರಟವನು ಫ್ರೋಡೊ, ಹಾಬಿಟ್ ಎಂಬ ಕುಳ್ಳ ಜನರಲ್ಲಿ ಒಬ್ಬ. ದಾರಿಯಲ್ಲಿ ಅವನೂ ಗೆಳೆಯರೂ ಟಾಮ್‌ನ ಮನೆಯಲ್ಲಿ ತಂಗುತ್ತಾರೆ. ಮೊದಲ ಭಾಗದ ಏಳನೆಯ ಅಧ್ಯಾಯ, ಟಾಮ್‌ನ ಮನೆಯಲ್ಲಿ ಎರಡನೆಯ ರಾತ್ರಿ. ಟಾಮ್ ಇದ್ದಕ್ಕಿದ್ದಂತೆ ಉಂಗುರ ತೋರಿಸು ಅನ್ನುತ್ತಾನೆ. ಫ್ರೋಡೊ ಸರಪಳಿ ಎಳೆದು, ಉಂಗುರ ಬಿಚ್ಚಿ, ಮರುಮಾತಿಲ್ಲದೆ ಕೊಟ್ಟುಬಿಡುತ್ತಾನೆ. ಟಾಮ್‌ನ ಅಗಲ ಅಂಗೈಯಲ್ಲಿ ಅದು ಒಂದು ಗಳಿಗೆ ದೊಡ್ಡದಾದಂತೆ ಕಾಣುತ್ತದೆ. ಅವನು ಅದನ್ನು ಕಣ್ಣಿಗೆ ಹಿಡಿದು ನಗುತ್ತಾನೆ, ಚಿನ್ನದ ವೃತ್ತದೊಳಗಿಂದ ಒಂದು ನೀಲಿ ಕಣ್ಣು ಹೊಳೆಯುತ್ತದೆ. ಆಮೇಲೆ ಕಿರುಬೆರಳ ತುದಿಗೆ ಹಾಕಿಕೊಂಡು ಮೊಂಬತ್ತಿಯ ಬೆಳಕಿಗೆ ಎತ್ತುತ್ತಾನೆ. ಹಾಬಿಟ್‌ಗಳಿಗೆ ಮೊದಲು ಏನೂ ವಿಶೇಷ ಅನ್ನಿಸುವುದಿಲ್ಲ, ಮರುಕ್ಷಣ ಉಸಿರು ಹಿಡಿಯುತ್ತಾರೆ: ಟಾಮ್ ಮಾಯವಾಗಲಿಲ್ಲ! ಅವನು ಉಂಗುರವನ್ನು ಗಾಳಿಗೆ ಚಿಮ್ಮಿಸುತ್ತಾನೆ, ಈಗ ಉಂಗುರವೇ ಮಿಂಚಿ ಮಾಯ. ಫ್ರೋಡೊ ಕೂಗಿಕೊಳ್ಳುವಷ್ಟರಲ್ಲಿ ನಗುತ್ತಾ ಹಿಂದಕ್ಕೆ ಕೊಡುತ್ತಾನೆ. ಫ್ರೋಡೊಗೆ ಸಂಶಯ, ಇದು ನನ್ನದೇ ಹೌದೋ ಎಂದು. ಪರೀಕ್ಷಿಸಲು ತಾನೇ ತೊಟ್ಟು, ಮಾಯವಾಗಿ, ಬಾಗಿಲ ಕಡೆ ಮೆಲ್ಲನೆ ಜಾರುತ್ತಾನೆ. ಟಾಮ್ ನೇರ ಅವನತ್ತಲೇ ನೋಡಿ ಕರೆಯುತ್ತಾನೆ: ಮುದುಕ ಟಾಮ್‌ಗೆ ಅಷ್ಟೊಂದು ಕಣ್ಣು ಮಂಜಾಗಿಲ್ಲ, ಉಂಗುರ ತೆಗೆ, ಅದಿಲ್ಲದ ಕೈಯೇ ಚಂದ.

ಇದರಲ್ಲಿ ಜನ ಸಾಮಾನ್ಯವಾಗಿ ಹಿಡಿದುಕೊಳ್ಳುವುದು ಕೊನೆಯ ಭಾಗ, ಅಂದರೆ ಕಾಣದ ಫ್ರೋಡೊನನ್ನು ಟಾಮ್ ಕಂಡದ್ದು. ಅದು ಅಷ್ಟು ದೊಡ್ಡ ಸುಳಿವಲ್ಲ. ಎಲ್ಫ್ ಎಂಬ ಅಮರ ಜನರ ನೆಲೆಯಾದ ರಿವೆಂಡೆಲ್‌ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ವಿವರಿಸುವ ಹಾಗೆ, ಗ್ಲೋರ್‌ಫಿಂಡೆಲ್‌ನಂಥ ಹಳೆಯ ಎಲ್ಫ್‌ಗಳು ಕಾಣುವ ಲೋಕದಲ್ಲಿಯೂ ಕಾಣದ ಲೋಕದಲ್ಲಿಯೂ ಒಟ್ಟಿಗೆ ಇರುವವರು. ಉಂಗುರದ ಗುಲಾಮರಾದ ಕಪ್ಪು ಸವಾರರಿಗೂ ಫ್ರೋಡೊ ಕಾಣುತ್ತಾನೆ. ಬೇರೆ ಯಾರಲ್ಲಿಯೂ ಇಲ್ಲದ್ದು ಎರಡು ವಿಷಯ. ಒಂದು, ಉಂಗುರ ಅವನ ಮೇಲೆ ಕೆಲಸವೇ ಮಾಡಲಿಲ್ಲ. ಎರಡು, ಅವನು ಅದನ್ನು ಹಿಂದಕ್ಕೆ ಕೊಟ್ಟ, ಕೊಡುವಾಗ ಕೈ ಒಂದಿಷ್ಟೂ ಎಳೆಯಲಿಲ್ಲ.

ಇದರ ಪಕ್ಕದಲ್ಲಿ ಎಲ್ರಾಂಡ್‌ನ ಸಭೆಯನ್ನು, ಅಂದರೆ ಉಂಗುರವನ್ನು ಏನು ಮಾಡುವುದೆಂದು ರಿವೆಂಡೆಲ್‌ನ ಒಡೆಯ ನಡೆಸಿದ ಸಭೆಯನ್ನು ಇಡಬೇಕು, ಎರಡನೆಯ ಭಾಗದ ಎರಡನೆಯ ಅಧ್ಯಾಯ. ಉಂಗುರವನ್ನು ಟಾಮ್‌ನ ಕೈಗೆ ಕೊಟ್ಟರೆ ಆಗದೇ ಎಂಬ ಮಾತು ಅಲ್ಲಿ ಬರುತ್ತದೆ. ಟಾಮ್‌ಗೆ ಉಂಗುರದ ಮೇಲೆ ಬಲವಿದೆ ಅನ್ನಬೇಡಿ, ಉಂಗುರಕ್ಕೆ ಅವನ ಮೇಲೆ ಬಲವಿಲ್ಲ ಅನ್ನಿ ಎಂದು ಗ್ಯಾಂಡಾಲ್ಫ್ ತಿದ್ದುತ್ತಾನೆ. ಅವನು ಉಂಗುರವನ್ನು ಬದಲಿಸಲಾರ, ಅದು ಬೇರೆಯವರ ಮೇಲೆ ಇಟ್ಟಿರುವ ಹಿಡಿತವನ್ನು ಬಿಡಿಸಲಾರ. ತಾನೇ ಹಾಕಿಕೊಂಡ, ಯಾರ ಕಣ್ಣಿಗೂ ಕಾಣದ ಗಡಿಯೊಳಗೆ ಈಗ ಇದ್ದಾನೆ. ಲೋಕದ ಜನರೆಲ್ಲ ಬೇಡಿಕೊಂಡರೆ ಉಂಗುರ ಇಟ್ಟುಕೊಂಡಾನು, ಆದರೆ ಬೇಗ ಮರೆತಾನು, ಎಸೆದರೂ ಎಸೆದಾನು. ಉಳಿದದ್ದೆಲ್ಲ ಶತ್ರುವಿನ ಪಾಲಾದರೆ ಕೊನೆಗೆ ಟಾಮ್ ಕೂಡ ಬೀಳುತ್ತಾನೆ ಎಂದು ಗ್ಲೋರ್‌ಫಿಂಡೆಲ್ ಹೇಳುತ್ತಾನೆ.

ಈಗ ಯಾವುದೇ ಊಹೆ ಬಿಡಿಸಬೇಕಾದ ಗಂಟು ನಾಲ್ಕು: ಉಂಗುರ ಅವನನ್ನು ಹಿಡಿಯದು, ಅವನು ಉಂಗುರವನ್ನು ಮುರಿಯಲಾರ, ಅವನಿಗೆ ಗಡಿ ಇದೆ ಮತ್ತು ಸೋಲೂ ಇದೆ, ಅವನು ಎಲ್ಲರಿಗಿಂತ ಹಳಬ. ಎಲ್ಫ್‌ಗಳು ಅವನಿಗೆ ಕೊಟ್ಟ ಹೆಸರಿನ ಅರ್ಥವೇ ಅತಿ ಹಿರಿಯ, ತಂದೆ ಇಲ್ಲದವ ಎಂದು. ಮೊದಲ ಮಳೆಹನಿ ತನಗೆ ನೆನಪಿದೆ ಎಂದು ಟಾಮ್ ಸ್ವತಃ ಹೇಳುತ್ತಾನೆ. ಒಂದು ಗಂಟು ಬಿಡಿಸಿ ಮೂರನ್ನು ಬಿಗಿಮಾಡುವ ಊಹೆಯನ್ನು ಅಲ್ಲಿಗೇ ಬಿಡಬಹುದು.

ದೇವರು ಎಂಬ ಊಹೆ ಬೀಳುವುದು ಹೀಗೆಯೇ. ಟೋಲ್ಕಿನ್‌ರ ಲೋಕದಲ್ಲಿ ಸೃಷ್ಟಿಕರ್ತನ ಹೆಸರು ಏರು. ಟಾಮ್ ಏರುವಾದರೆ ಉಂಗುರ ಅವನನ್ನು ಹಿಡಿಯದ್ದು ಸರಿಹೋಗುತ್ತದೆ, ಹಳಬ ಎಂಬುದೂ ಸರಿಹೋಗುತ್ತದೆ. ಆದರೆ ಸೃಷ್ಟಿಸಿದವನು ಒಂದು ಉಂಗುರ ಮುರಿಯಲಾರದೆ ಹೋದದ್ದು, ಸೌರಾನ್‌ನ ಎದುರು ಸೋಲುವುದು ಹೇಗೆ? ಲೇಖಕರೂ 1956ರ ಒಂದು ಪತ್ರದ ಕರಡಿನಲ್ಲಿ ತಮ್ಮ ಕಥೆಯಲ್ಲಿ ದೇವರು ದೇಹ ತಳೆದು ಬರುವುದಿಲ್ಲ, ಲೋಕದ ಹೊರಗೇ ಇರುತ್ತಾನೆ ಎಂದು ಬರೆದಿದ್ದಾರೆ.

ಇಷ್ಟಿದ್ದೂ ಈ ಊಹೆ ಸಾಯದೆ ಉಳಿದದ್ದು ಎರಡು ಪದಗಳಿಂದ, ಮತ್ತು ಕನ್ನಡದಲ್ಲಿ ಹೇಳುವ ನಿಮ್ಮಂಥವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಟಾಮ್ ಬಾಂಬಡಿಲ್ ಯಾರು ಎಂದು ಫ್ರೋಡೊ ಟಾಮ್‌ನ ಹೆಂಡತಿ ಗೋಲ್ಡ್‌ಬೆರಿಯನ್ನು ಕೇಳುತ್ತಾನೆ. ಅವಳ ಉತ್ತರ “ಹೀ ಈಸ್” ಅಷ್ಟೇ. ಕನ್ನಡದಲ್ಲಿ ಇದನ್ನು “ಇದ್ದಾನೆ” ಅಂದಿರೋ, ಕೇಳುವವರ ಕಿವಿಗೆ “ದೇವರಿದ್ದಾನೆ” ಎಂಬ ಮಾತೇ ಬೀಳುತ್ತದೆ. ದೇವರು ಎಂಬ ಊಹೆಯನ್ನು ಅಲ್ಲಿ ಅನುವಾದವೇ ಹುಟ್ಟಿಸಿತು. “ಅವನು ಅವನೇ” ಅಂದರೆ ಇನ್ನೊಂದು ದಿಕ್ಕಿಗೆ ಹೋಗುತ್ತದೆ, ಮತ್ತು ಅದೇ ಹತ್ತಿರದ್ದು, ಏಕೆಂದರೆ ನೀನು ಕಂಡ ಹಾಗೆಯೇ ಅವನು ಎಂದು ಅವಳೇ ಮುಂದುವರಿಸುತ್ತಾಳೆ. 1954ರಲ್ಲಿ ಪೀಟರ್ ಹೇಸ್ಟಿಂಗ್ಸ್ ಎಂಬ ಓದುಗರು ಈ ಎರಡು ಪದ ಹಿಡಿದು ಟಾಮ್ ದೇವರಾಗುವುದಿಲ್ಲವೇ ಎಂದು ಬರೆದಿದ್ದರು. ಟೋಲ್ಕಿನ್ ಸಿದ್ಧಪಡಿಸಿದ ಉತ್ತರ ಅಂಚೆಗೆ ಬೀಳಲಿಲ್ಲ, ಕರಡು ಮಾತ್ರ ಉಳಿದಿದೆ. ಅದರಲ್ಲಿ ಅವರು ಹೇಳುವುದು: ಫ್ರೋಡೊ ಕೇಳಿದ್ದು ಟಾಮ್ ಯಾರು ಎಂದು, ಟಾಮ್ ಏನು ಎಂದಲ್ಲ. ಇವೆರಡನ್ನೂ ನಾವು ಕಲಸಿಬಿಡುತ್ತೇವೆ. ನಮ್ಮ ಹುಡುಗರು ಕೇಳುತ್ತಿರುವುದು “ಏನು” ಎಂಬ ಪ್ರಶ್ನೆ, ಯಾವ ಜಾತಿಯ ಜೀವ ಎಂದು. ಗೋಲ್ಡ್‌ಬೆರಿ ಉತ್ತರಿಸಿದ್ದು “ಯಾರು” ಎಂಬುದಕ್ಕೆ.

ಕಪ್ಪು ಸವಾರರ ನಾಯಕನಾದ ಮಾಟಗಾರ ದೊರೆಯ ಊಹೆಗೆ ಹೆಚ್ಚು ಹೊತ್ತು ಬೇಡ. ಅದರ ಮುಖ್ಯ ಆಧಾರ ಇಬ್ಬರೂ ಒಟ್ಟಿಗೆ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ ಎಂಬುದು. ಹಾಗೆ ನೋಡಿದರೆ ಪುಸ್ತಕದ ಅರ್ಧ ಪಾತ್ರಗಳು ಇನ್ನರ್ಧ ಪಾತ್ರಗಳ ವೇಷವೇ ಆಗಬೇಕು. ಒಂಬತ್ತು ಸವಾರರು ಉಂಗುರಗಳಿಗೆ ಎಲ್ಲರಿಗಿಂತ ಹೆಚ್ಚು ಕಟ್ಟುಬಿದ್ದವರು, ಅವರ ನಾಯಕನ ಕೈಗೆ ಮಹಾ ಉಂಗುರ ಬಂದು ಅವನು ಆಟವಾಡಿ ಹಿಂದಕ್ಕೆ ಕೊಡುವುದು ಸಾಧ್ಯವಿಲ್ಲ. ಇನ್ನೂ ಒಂದು ಉಂಟು. ಗೋರಿಗುಡ್ಡದ ನಿಧಿಯಿಂದ ಮೆರಿ ಎಂಬ ಹಾಬಿಟ್‌ಗೆ ಕತ್ತಿ ಆರಿಸಿ ಕೊಟ್ಟವನು ಟಾಮ್, ಅದೇ ಕತ್ತಿಯ ಏಟಿಗೆ ಮುಂದೆ ಮಾಟಗಾರ ದೊರೆಯ ರಕ್ಷೆ ಮುರಿಯುತ್ತದೆ. ತನ್ನ ಸಾವನ್ನು ತಾನೇ ಆರಿಸಿ ಶತ್ರುವಿನ ಕೈಗೆ ಕೊಟ್ಟ ಎನ್ನಲು ಪುಸ್ತಕದಲ್ಲಿ ಒಂದು ಸಾಲಿನ ಆಧಾರವೂ ಇಲ್ಲ.

ಅವನು ಮಾಯಾ ವರ್ಗದವನು, ಅಂದರೆ ಗ್ಯಾಂಡಾಲ್ಫ್‌ನಂತೆ ದೇಹ ತೊಟ್ಟ ಕಿರಿಯ ದೇವತೆ ಎಂಬುದು ಮೇಲ್ನೋಟಕ್ಕೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಮೊದಲ ಭಾಗದ ಎರಡನೆಯ ಅಧ್ಯಾಯದಲ್ಲಿ ಫ್ರೋಡೊ ಉಂಗುರ ಕೊಡಲು ಬಂದಾಗ ಗ್ಯಾಂಡಾಲ್ಫ್ ಬೆಚ್ಚಿಬೀಳುತ್ತಾನೆ, ನನಗೆ ಆಸೆ ಹುಟ್ಟಿಸಬೇಡ ಅನ್ನುತ್ತಾನೆ. ಇನ್ನೊಬ್ಬ ಮಾಂತ್ರಿಕ ಸರುಮಾನ್, ಅವನೂ ಮಾಯಾ, ಅದೇ ಆಸೆಯಲ್ಲಿ ಹಾಳಾದವನು. ಮಾಯಾ ಆಗಿದ್ದರೆ ಸಾಲದು ಎಂದು ಪುಸ್ತಕವೇ ಎರಡು ಸಲ ತೋರಿಸಿದೆ.

ಔಲೆ ಎಂಬ ಊಹೆ ಇವಕ್ಕಿಂತ ಗಟ್ಟಿ. ಜೀನ್ ಹಾರ್‌ಗ್ರೋವ್ 1986ರಲ್ಲಿ ಇದನ್ನು ವಿಸ್ತಾರವಾಗಿ ವಾದಿಸಿದರು. ಔಲೆ ದೊಡ್ಡ ದೇವತೆಗಳಲ್ಲಿ ಕಮ್ಮಾರ, ಲೋಹ ಕಲ್ಲುಗಳ ಕೆಲಸದವನು. ಸೌರಾನ್ ಮೊದಲು ಔಲೆಯ ಪರಿವಾರದವನಾಗಿದ್ದ, ಸರುಮಾನ್ ಕೂಡ. ಶಿಷ್ಯ ಎರಕ ಹೊಯ್ದ ಉಂಗುರ ಗುರುವನ್ನು ಹೇಗೆ ಹಿಡಿದೀತು ಎಂಬುದು ವಾದದ ಬಲ. ತಾನು ಮಾಡಿದ್ದನ್ನು ತನ್ನದೆಂದು ಅಂಟಿಸಿಕೊಳ್ಳದೆ ಬಿಟ್ಟುಕೊಡುವ ಗುಣ ಔಲೆಗಿದೆ ಎಂದು 1977ರಲ್ಲಿ ಬಂದ ‘ದಿ ಸಿಲ್ಮರಿಲಿಯನ್’ ಹೇಳುತ್ತದೆ, ಅದೂ ಟಾಮ್‌ಗೆ ಹೊಂದುತ್ತದೆ. ತೊಡಕು ಎಲ್ಲಿ? ಗುರುವಾದರೆ ಶಿಷ್ಯನ ಕೆಲಸ ಬಿಚ್ಚಲು ಬರಬೇಕಿತ್ತು, ಬದಲಿಸಲಾರ ಎಂದು ಸಭೆಯಲ್ಲಿ ಸ್ಪಷ್ಟವಾಗಿದೆ. ಮೂರು ಅಧ್ಯಾಯದಲ್ಲಿ ಟಾಮ್ ಏನನ್ನೂ ತಯಾರಿಸುವುದಿಲ್ಲ, ಕುಲುಮೆಯಿಲ್ಲ, ಸುತ್ತಿಗೆಯಿಲ್ಲ. ಔಲೆಯ ಹೆಂಡತಿ ಯಾವನ್ನಾ ಯಾರ ಮಗಳೂ ಅಲ್ಲ, ಗೋಲ್ಡ್‌ಬೆರಿಯಾದರೋ ನದಿಯಮ್ಮನ ಮಗಳೆಂದೇ ಪರಿಚಯ. ಎರಡು ಗಂಟು ಬಿಡಿಸಿ ಎರಡನ್ನು ಹಾಗೇ ಬಿಡುವ ಊಹೆ ಇದು, ಓದಲು ಯೋಗ್ಯ, ಒಪ್ಪಲು ಕಷ್ಟ.

ನಿಮ್ಮ ಹಿರಿಯರ ಮಾತು ಯೂಟ್ಯೂಬಿನ ಬಹುಪಾಲು ಊಹೆಗಿಂತ ಒಳ್ಳೆಯದು. ಒಂದು ಬನ, ಅದಕ್ಕೊಂದು ಗಡಿ, ಗಡಿಯೊಳಗೆ ಮೀರಲಾಗದ ಶಕ್ತಿ, ಹೊರಗೆ ಅಧಿಕಾರವಿಲ್ಲ: ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿ ಬಂದಾಗ ಟಾಮ್ ಹಾಬಿಟ್‌ಗಳನ್ನು ಕಳಿಸಿಕೊಟ್ಟು, ತನ್ನ ಸೀಮೆ ಇಲ್ಲಿಗೆ ಮುಗಿಯಿತು, ದಾಟಿ ಬರುವುದಿಲ್ಲ ಅನ್ನುತ್ತಾನೆ. 1937ರ ಡಿಸೆಂಬರ್‌ನಲ್ಲಿ ಟೋಲ್ಕಿನ್ ತಮ್ಮ ಪ್ರಕಾಶಕರಿಗೆ ಬರೆಯುವಾಗ ಟಾಮ್‌ನನ್ನು ಆಕ್ಸ್‌ಫರ್ಡ್ ಮತ್ತು ಬರ್ಕ್‌ಶೈರ್ ಹಳ್ಳಿಗಾಡಿನ, ಅದೂ ಕಣ್ಮರೆಯಾಗುತ್ತಿರುವ ಹಳ್ಳಿಗಾಡಿನ ಚೇತನ ಎಂದೇ ಕರೆದಿದ್ದರು. ಸಭೆಯಲ್ಲಿ ಗಾಲ್ಡೋರ್ ಎಂಬ ಎಲ್ಫ್ ಕೂಡ, ಶತ್ರುವನ್ನು ತಡೆಯುವ ಬಲ ನೆಲದಲ್ಲೇ ಇದ್ದರೆ ಮಾತ್ರ ಟಾಮ್‌ನಲ್ಲಿಯೂ ಇರುತ್ತದೆ ಎನ್ನುತ್ತಾನೆ.

ಆದರೆ ಹೋಲಿಕೆ ನಿಲ್ಲುವ ಜಾಗವನ್ನೂ ಹುಡುಗರಿಗೆ ತೋರಿಸಿ. ನಮ್ಮ ದೈವಗಳಿಗೆ ಪಾಡ್ದನ ಉಂಟು. ಎಲ್ಲಿ ಹುಟ್ಟಿತು, ಯಾವ ದಾರಿಯಾಗಿ ಇಳಿದು ಬಂತು, ಯಾರ ಕೈಯಿಂದ ಎಲ್ಲಿ ನೆಲೆಯಾಯಿತು ಎಂದು ಪಾಡ್ದನ ಒಂದೊಂದಾಗಿ ಹೇಳುತ್ತದೆ. ದೈವ ಹರಕೆ ಸ್ವೀಕರಿಸುತ್ತದೆ, ಅಭಯ ಕೊಡುತ್ತದೆ, ನಂಬಿದ ಕುಟುಂಬಕ್ಕೆ ನ್ಯಾಯ ಹೇಳುತ್ತದೆ. ಟಾಮ್‌ಗೆ ಹುಟ್ಟಿನ ಕಥೆಯೇ ಇಲ್ಲ, ಹರಕೆ ಬೇಡ, ಯಾರ ಮೇಲೂ ಜವಾಬ್ದಾರಿ ಹೊತ್ತಿಲ್ಲ. ಪಾಡ್ದನ ಇಲ್ಲದ ದೈವ ನಮಗೆ ಎಷ್ಟು ವಿಚಿತ್ರವೋ, ಟೋಲ್ಕಿನ್‌ರ ಲೋಕದಲ್ಲಿ ಟಾಮ್ ಅಷ್ಟೇ ವಿಚಿತ್ರ, ಏಕೆಂದರೆ ಅಲ್ಲಿ ಕತ್ತಿಗೂ ಕುದುರೆಗೂ ವಂಶಾವಳಿ ಇದೆ.

ಸಂಗೀತದ ಊಹೆಯನ್ನೂ ತಳ್ಳಿಹಾಕಬೇಡಿ. ಆ ಲೋಕ ಹುಟ್ಟಿದ್ದೇ ದೇವತೆಗಳ ಹಾಡಿನಿಂದ, ಟಾಮ್ ಆ ಮೊದಲ ಹಾಡಿನ ಉಳಿದ ತುಣುಕು ಎಂಬುದು ವಾದ. ಇದಕ್ಕೊಂದು ಪರೀಕ್ಷೆ ಇದೆ, ನಿಮ್ಮಲ್ಲೇ ಮಾಡಬಹುದು. ಟಾಮ್‌ನ ಮಾತು ಗದ್ಯದಂತೆ ಅಚ್ಚಾಗಿದೆ. ಅದನ್ನು ಜೋರಾಗಿ ಓದುತ್ತಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ. ಭಾಗವತಿಕೆ ಕೇಳಿ ಬೆಳೆದ ಕಿವಿಗೆ ಎರಡೇ ಸಾಲಿನಲ್ಲಿ ಗೊತ್ತಾಗುತ್ತದೆ, ಇದು ಗದ್ಯವಲ್ಲ, ಸಾಲು ಒಡೆಯದೆ ಅಚ್ಚು ಹಾಕಿದ ಪದ್ಯ. ಅವನ ಮನೆಯ ಊಟದಲ್ಲಿ ಹಾಬಿಟ್‌ಗಳಿಗೂ ತಾವು ಮಾತಾಡುವ ಬದಲು ಹಾಡುತ್ತಿದ್ದೇವೆ ಎಂದು ತಟ್ಟನೆ ಅರಿವಾಗುತ್ತದೆ. ಮುದುಕ ವಿಲೋ ಮರವನ್ನೂ ಗೋರಿಯ ಪ್ರೇತವನ್ನೂ ಅವನು ಮಣಿಸುವುದು ಹಾಡಿನಿಂದಲೇ. ಈ ಊಹೆ ಅವನ ಹಾಡಿನ ಬಲವನ್ನು ಚೆನ್ನಾಗಿ ವಿವರಿಸುತ್ತದೆ, ಉಂಗುರದ ಬಗ್ಗೆ ಮಾತ್ರ ಏನೂ ಹೇಳುವುದಿಲ್ಲ.

ಉಂಗುರದ ಗಂಟು ಬಿಚ್ಚುವುದು ಬೇರೆ ಕಡೆ, ಮತ್ತು ನನ್ನ ತೀರ್ಪು ನಿಂತಿರುವುದು ಅಲ್ಲಿ. ಈ ವಿಚಿತ್ರ ಸೀಮೆಯೆಲ್ಲ ಅವನದೇ ಹಾಗಾದರೆ ಎಂದು ಫ್ರೋಡೊ ಕೇಳುತ್ತಾನೆ. ಗೋಲ್ಡ್‌ಬೆರಿಯ ನಗು ಮಾಸುತ್ತದೆ. ಇಲ್ಲ, ಅದು ಹೊರಲಾಗದ ಹೊರೆಯಾದೀತು ಅನ್ನುತ್ತಾಳೆ. ಮರ, ಹುಲ್ಲು, ಇಲ್ಲಿ ಬದುಕುವ ಪ್ರತಿಯೊಂದೂ ತನಗೆ ತಾನೇ ಸೇರಿದ್ದು, ಟಾಮ್ ಮಾತ್ರ “ಮಾಸ್ಟರ್”. ಈ ಪದ ಕನ್ನಡಕ್ಕೆ ತರುವುದು ಬಹಳ ಕಷ್ಟ. ಯಜಮಾನ ಅಂದರೆ ತರವಾಡಿನ ಆಸ್ತಿ ಬಂತು, ಧಣಿ ಅಂದರೆ ಗೇಣಿ ಬಂತು, ಒಡೆಯ ಎಂಬ ಪದದ ಹೊಟ್ಟೆಯಲ್ಲೇ ಒಡೆತನ ಇದೆ. ಗೋಲ್ಡ್‌ಬೆರಿ ನಿರಾಕರಿಸುವುದು ಅದನ್ನೇ. ಅವಳ ಪ್ರಕಾರ ಮಾಸ್ಟರ್ ಅಂದರೆ ಯಾರ ಕೈಗೂ ಸಿಗದವ, ಭಯವಿಲ್ಲದವ. ಗ್ಯಾಂಡಾಲ್ಫ್ ಸಭೆಯಲ್ಲಿ ಹೇಳುವುದೂ ತನಗೆ ತಾನೇ ಯಜಮಾನ ಎಂದು. “ತನಗೆ ತಾನೇ ಯಜಮಾನ” ಎಂಬ ಮಾತನ್ನೇ ಎರಡೂ ಕಡೆ ಬಳಸಿದರೆ ಕನ್ನಡದಲ್ಲಿ ಅರ್ಥ ಕೆಡುವುದಿಲ್ಲ.

ಉಂಗುರ ಎಲ್ಲರನ್ನೂ ಹಿಡಿಯುವುದು ಒಡೆತನದ ಆಸೆಯ ಮೂಲಕ. ಕೆಲವರಿಗೆ ಅದು ನನ್ನದು ಎಂಬ ಮೋಹ, ಗ್ಯಾಂಡಾಲ್ಫ್‌ನಂಥವರಿಗೆ ಇದರಿಂದ ಒಳ್ಳೆಯದು ಮಾಡಿಯೇನು ಎಂಬ ಆಸೆ. ಟಾಮ್‌ನಲ್ಲಿ ಅದು ಹಿಡಿದುಕೊಳ್ಳಲು ಕೊಕ್ಕೆಯೇ ಇಲ್ಲ. ಮಿಚಿಸನ್‌ಗೆ ಬರೆದ ಅದೇ ಪತ್ರದಲ್ಲಿ ಟೋಲ್ಕಿನ್ ಹೀಗೆಯೇ ವಿವರಿಸಿದ್ದಾರೆ: ಒಬ್ಬ ಅಧಿಕಾರವನ್ನೇ ತೊರೆದು, ವಸ್ತುಗಳನ್ನು ಅವುಗಳಿಗಾಗಿಯೇ ಮೆಚ್ಚಿ ನೋಡುತ್ತಿದ್ದರೆ, ಅಧಿಕಾರದ ಸಾಧನಕ್ಕೆ ಅವನ ಮಟ್ಟಿಗೆ ಬೆಲೆಯೇ ಇರುವುದಿಲ್ಲ. ಅದೇ ಕಾರಣಕ್ಕೆ ಅವನು ಉಂಗುರದ ಕಾವಲಿಗೂ ಆಗುವುದಿಲ್ಲ. ನಾಲ್ಕು ಗಂಟಿನಲ್ಲಿ ಮೂರು ಇದರಿಂದ ಬಿಚ್ಚುತ್ತವೆ, ಹಳಬ ಏಕೆ ಎಂಬುದು ಮಾತ್ರ ಉಳಿಯುತ್ತದೆ. ಎಂಟನೆಯ ಅಧ್ಯಾಯದ ಕೊನೆಯಲ್ಲಿ ಗೋರಿಯ ನಿಧಿಯನ್ನು ಅವನು ಏನು ಮಾಡುತ್ತಾನೆ ನೋಡಿ. ಎಲ್ಲವನ್ನೂ ಹುಲ್ಲಿನ ಮೇಲೆ ಹರವಿ, ಬಂದವರು ತೆಗೆದುಕೊಳ್ಳಲಿ ಎಂದು ಬಿಡುತ್ತಾನೆ. ಗೋಲ್ಡ್‌ಬೆರಿಗೆಂದು ಒಂದೇ ಒಂದು ನೀಲಿ ಕಲ್ಲಿನ ಪದಕ ಆರಿಸುತ್ತಾನೆ, ಅದನ್ನು ಹಿಂದೆ ತೊಟ್ಟಿದ್ದವಳನ್ನು ನೆನಪಿಸಿಕೊಂಡು ತಲೆಯಾಡಿಸುತ್ತಾನೆ.

ಅವನು ಏಕೆ ಹಳಬ ಎಂಬುದಕ್ಕೆ ಕಥೆಯ ಹೊರಗೆ ಒಂದು ಕಾರಣ ಇದೆ. ಟಾಮ್ ಮೊದಲು ಟೋಲ್ಕಿನ್‌ರ ಮಗ ಮೈಕೆಲ್‌ನ ಗೊಂಬೆ. 1934ರಲ್ಲಿ ‘ಆಕ್ಸ್‌ಫರ್ಡ್ ಮ್ಯಾಗಜೀನ್’ನಲ್ಲಿ ಅವನ ಮೇಲೆ ಪದ್ಯ ಬಂತು. ಗೋಲ್ಡ್‌ಬೆರಿ, ವಿಲೋ ಮುದುಕ, ಗೋರಿಯ ಪ್ರೇತ ಎಲ್ಲ ಅದರಲ್ಲಿದ್ದರು. ಮಹಾ ಉಂಗುರದ ಕಥೆ ಶುರುವಾದದ್ದು 1937ರ ಕೊನೆಗೆ. ಅಂದರೆ ಟಾಮ್ ಆ ಕಥೆಗಿಂತ ನಿಜಕ್ಕೂ ಹಿರಿಯ, ಹೊರಗಿನಿಂದ ಒಳಗೆ ಬಂದವ. ಅವನನ್ನು ದೇವತೆಗಳ ಪಟ್ಟಿಯಲ್ಲಿ ಯಾವುದಾದರೊಂದು ಖಾನೆಗೆ ಹಾಕಲು ಹೊರಟ ಊಹೆಗಳೆಲ್ಲ ತೊಡರುವುದು ಇಲ್ಲಿಯೇ.

ನಮ್ಮ ಕಡೆ ಯಕ್ಷಗಾನ ಕವಿ ಪಾರ್ತಿಸುಬ್ಬ ಯಾರು, ಯಾವ ಪ್ರಸಂಗ ಅವನದು ಎಂಬ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟ, ಶಿವರಾಮ ಕಾರಂತರಂಥವರು ವಾದಿಸಿದ್ದು ಇದಕ್ಕಿಂತ ಬೇರೆ ಜಾತಿಯ ಪ್ರಶ್ನೆ. ಪ್ರಸಂಗ ಬರೆದ ಒಬ್ಬ ಮನುಷ್ಯ ಎಲ್ಲಿಯೋ ಇದ್ದೇ ಇದ್ದ, ನಾಳೆ ಒಂದು ತಾಳೆಗರಿ ಸಿಕ್ಕಿದರೆ ತೀರ್ಮಾನ ಆಗಬಹುದು. ಟಾಮ್‌ನ ವಿಷಯದಲ್ಲಿ ಲೇಖಕ ಬರೆಯದೆ ಬಿಟ್ಟ ಜಾಗದ ಹಿಂದೆ ಯಾವ ತಾಳೆಗರಿಯೂ ಅಡಗಿಲ್ಲ. ಈ ವ್ಯತ್ಯಾಸ ತಿಳಿಯದ ಹುಡುಗರು ಎಲ್ಲೋ ಒಂದು ಗುಟ್ಟಿನ ಉತ್ತರ ಇದೆ ಎಂದೇ ಹುಡುಕುತ್ತಾರೆ.

ಇನ್ನು ಕ್ರಮ. ಮೂರು ಭಾನುವಾರ ಸಾಕು. ಮೊದಲ ವಾರ ಆರು, ಏಳು, ಎಂಟನೆಯ ಅಧ್ಯಾಯ ಮಾತ್ರ ಓದಿ, ಊಹೆಯ ಮಾತೇ ಬೇಡ. ಒಂದು ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಏನು ಹೇಳಿದೆ, ಯಾರ ಬಾಯಲ್ಲಿ, ಯಾವ ಪುಟ. ನಡುವಿನ ಕಾಲಂ ಬಹಳ ಮುಖ್ಯ. ತಾಳಮದ್ದಳೆ ಕೇಳಿದವರಿಗೆ ಇದು ಸಹಜ. ಶಕುನಿಯ ಅರ್ಥ, ಅಂದರೆ ಅವನ ಪಾತ್ರದ ಮಾತು, ಶಕುನಿಯದು, ಅದನ್ನು ಕವಿಯ ಮಾತೆಂದು ಯಾರೂ ತಿಳಿಯುವುದಿಲ್ಲ. ತಾನೇ ಅತಿ ಹಿರಿಯ ಎಂದು ಟಾಮ್ ಹೇಳುತ್ತಾನೆ, ಈಗ ಬದುಕಿರುವುದರಲ್ಲಿ ಮರಗಳನ್ನು ಕಾಯುವ ಎಂಟ್ ಎಂಬ ಜನರ ಹಿರಿಯ ಟ್ರೀಬಿಯರ್ಡ್ ಅತಿ ಹಳಬ ಎಂದು ಮುಂದೊಮ್ಮೆ ಗ್ಯಾಂಡಾಲ್ಫ್ ಹೇಳುತ್ತಾನೆ. ಕಾಲಂ ಇದ್ದರೆ ಇದು ವಿರೋಧವಾಗಿ ಅಲ್ಲ, ಇಬ್ಬರ ಎರಡು ಮಾತಾಗಿ ಕಾಣುತ್ತದೆ. ಎರಡನೆಯ ವಾರ ಎಲ್ರಾಂಡ್‌ನ ಸಭೆ, ಆಮೇಲೆ ಒಬ್ಬೊಬ್ಬರು ಒಂದೊಂದು ಊಹೆ ಹಿಡಿದು ನಾಲ್ಕು ಗಂಟಿಗೂ ಉತ್ತರ ಹೇಳಲಿ, ತಲಾ ಹತ್ತು ನಿಮಿಷ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಪತ್ರಗಳು 1981ರಲ್ಲಿ ಪುಸ್ತಕವಾಗಿ ಬಂದವು. ಅವನ್ನು ಮೊದಲೇ ಓದಿಸಿದರೆ ಲೇಖಕರೇ ಹೇಳಿದ್ದಾರಲ್ಲ ಎಂದು ಚರ್ಚೆ ಮುಗಿದುಹೋಗುತ್ತದೆ, ಆದ್ದರಿಂದ ಅವು ಕೊನೆಗಿರಲಿ. 1937ರ ಪತ್ರವನ್ನು 1954ರ ಕಾದಂಬರಿಗೆ ಕಣ್ಣುಮುಚ್ಚಿ ಅನ್ವಯಿಸುವುದೂ ಬೇಡ, ನಡುವೆ ಹದಿನೇಳು ವರ್ಷ ಇದೆ. ಇನ್ನೊಂದು, ಪರದೆಯ ಟಾಮ್. 2001ರ ಸಿನಿಮಾದಲ್ಲಿ ಅವನು ಇಲ್ಲವೇ ಇಲ್ಲ, ‘ದಿ ರಿಂಗ್ಸ್ ಆಫ್ ಪವರ್’ ಸರಣಿಯ 2024ರಲ್ಲಿ ಬಂದ ಎರಡನೆಯ ಭಾಗದಲ್ಲಿ ಇದ್ದಾನೆ. ಆ ಸರಣಿ ಬೇರೆಯವರು ಬೇರೆ ಕಾಲಕ್ಕೆಂದು ಬರೆದ ಕಥೆ. ಅದರ ದೃಶ್ಯ ತಂದು ಪುಸ್ತಕದ ಸಾಕ್ಷಿಯಾಗಿ ಇಟ್ಟರೆ ಹಾಳೆಯಲ್ಲಿ ಬರೆಯಬೇಡಿ.

ಮೂರನೆಯ ವಾರಕ್ಕೆ ಕೊನೆಯ ಸಂಪುಟದಲ್ಲಿ ಊರಿಗೆ ಮರಳುವ ಅಧ್ಯಾಯ ತೆಗೆಯಿರಿ. ಯುದ್ಧ ಮುಗಿದಿದೆ. ಟಾಮ್ ಹೇಗಿದ್ದಾನೋ ಎಂದು ಫ್ರೋಡೊ ಕೇಳಿದಾಗ ಗ್ಯಾಂಡಾಲ್ಫ್ ಹೇಳುತ್ತಾನೆ, ಚೆನ್ನಾಗಿಯೇ ಇರುತ್ತಾನೆ, ನಾವು ಮಾಡಿದ ಕಂಡ ಯಾವುದರಲ್ಲಿಯೂ ಅವನಿಗೆ ಆಸಕ್ತಿ ಇರಲಾರದು, ಎಂಟ್‌ಗಳನ್ನು ಕಂಡುಬಂದದ್ದು ಬಿಟ್ಟರೆ. ಹಾಗೆಂದು ಹೇಳಿ ಅವನೊಡನೆ ದೀರ್ಘವಾಗಿ ಮಾತಾಡಲೆಂದೇ ಹೊರಟುಹೋಗುತ್ತಾನೆ. ಆ ಮಾತುಕತೆ ಪುಸ್ತಕದಲ್ಲಿಲ್ಲ. ಇಬ್ಬರು ಹುಡುಗರನ್ನು ಎದುರುಬದುರು ಕೂರಿಸಿ ಇಪ್ಪತ್ತು ನಿಮಿಷ ಅರ್ಥ ಹೇಳಿಸಿ, ಒಬ್ಬನಿಗೆ ಗ್ಯಾಂಡಾಲ್ಫ್, ಇನ್ನೊಬ್ಬನಿಗೆ ಟಾಮ್. ಟಾಮ್ ಹೇಳುವವನಿಗೆ ನಿಯಮ ಎರಡು: ತನ್ನ ಹುಟ್ಟಿನ ಬಗ್ಗೆ ಒಂದು ಮಾತೂ ಬರಬಾರದು, ಉಂಗುರ ಏನಾಯಿತೆಂದು ತಾನಾಗಿ ಕೇಳಬಾರದು. ಮರಗಳ ಬಗ್ಗೆ ಎಷ್ಟು ಬೇಕಾದರೂ ಕೇಳಬಹುದು.